ಕತ್ತಿನ ಗಂಟಿಗೆ ಮೊದಲು ಪರೀಕ್ಷೆ, ಆಮೇಲೆ ಮಾತ್ರೆ: ಕೋಲಾರ ಜಿಲ್ಲೆಯ ಆರೋಗ್ಯ ಮತ್ತು ಶಿಕ್ಷಣ ಅಧಿಕಾರಿಗಳಿಗೆ ಬಹಿರಂಗ ಪತ್ರ

ಕೋಲಾರ ಜಿಲ್ಲೆಯ ಆರೋಗ್ಯಾಧಿಕಾರಿ (ಡಿಎಚ್‌ಒ) ಮತ್ತು ಶಾಲಾ ಶಿಕ್ಷಣ ಉಪನಿರ್ದೇಶಕರು (ಡಿಡಿಪಿಐ) ಅವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಮುಳಬಾಗಿಲು ತಾಲ್ಲೂಕಿನವನು. ಮೊಟ್ಟೆ ಕೋಳಿ ಶೆಡ್ ಇದೆ, ಜೊತೆಗೆ ಸ್ವಲ್ಪ ಟೊಮೆಟೊ ಬೆಳೆಯುತ್ತೇವೆ. ಈ ಪತ್ರ ನನ್ನ ಅಕ್ಕನ ಮಗನ ವಿಷಯಕ್ಕೆ. ಅವನು ಏಳನೇ ಕ್ಲಾಸ್ ಓದುವ ಹುಡುಗ. ಅವನ ಹೆಸರು ಬರೆಯುವುದಿಲ್ಲ. ಆಸ್ಪತ್ರೆ ಯಾವುದು, ಶಾಲೆ ಯಾವುದು ಅಂತಲೂ ಹೇಳುವುದಿಲ್ಲ. ಒಬ್ಬರನ್ನು ಹಿಡಿದು ಶಿಕ್ಷೆ ಕೊಟ್ಟರೆ ಇದು ಸರಿಹೋಗುವ ವಿಷಯ ಅಲ್ಲ. ನಿಮ್ಮ ಎರಡೂ ಇಲಾಖೆಗಳು ಒಂದೊಂದು ಸುತ್ತೋಲೆ ಹೊರಡಿಸಿದರೆ ತಪ್ಪಿಸಬಹುದಾದ ಸಂಕಟ ಇದು, ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಆದದ್ದು ಇಷ್ಟು. ಹುಡುಗನ ಕತ್ತಿನ ಎಡಗಡೆ ಒಂದು ಗಂಟು ಬಂತು. ನೋವಿಲ್ಲ, ಕೀವಿಲ್ಲ, ಮುಟ್ಟಿದರೆ ರಬ್ಬರಿನ ಹಾಗೆ. ಸಂಜೆ ಹೊತ್ತು ಜ್ವರ, ರಾತ್ರಿ ಬನಿಯನ್ ಒದ್ದೆಯಾಗುವಷ್ಟು ಬೆವರು, ತೂಕ ಇಳಿಯುತ್ತಾ ಹೋಯಿತು. ತಾಲ್ಲೂಕಿನ ಒಂದು ಖಾಸಗಿ ಆಸ್ಪತ್ರೆಗೆ ತೋರಿಸಿದೆವು. ಮುಟ್ಟಿ ನೋಡಿ "ಟಿಬಿ ಗಂಟು" ಅಂದರು. ಸೂಜಿ ಹಾಕಿ ನೋಡಲಿಲ್ಲ, ತುಂಡು ತೆಗೆದು ಕಳಿಸಲಿಲ್ಲ. ಟಿಬಿ ಮಾತ್ರೆ ಶುರು ಮಾಡಿದರು, ಊತ ಬೇಗ ಇಳಿಯಲಿ ಅಂತ ಜೊತೆಗೆ ಸ್ಟೀರಾಯ್ಡ್ ಮಾತ್ರೆಯನ್ನೂ ಬರೆದರು. ಗಂಟು ಸಣ್ಣದಾಯಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಅದೇ ಗಂಟು ಮೊದಲಿಗಿಂತ ದೊಡ್ಡದಾಗಿ ಬಂತು, ಕಂಕುಳಲ್ಲೂ ಒಂದು ಕಾಣಿಸಿತು. ಮತ್ತೆ ಹೋದಾಗ "ಟಿಬಿ ಅಂದ್ಮೇಲೆ ಟೈಮ್ ತಗೊಳ್ಳುತ್ತೆ, ಕೋರ್ಸ್ ಮುಗಿಸಿ" ಅಂದರು. ಮಳೆಗಾಲ ಪೂರ್ತಿ ಹಾಗೇ ಕಳೆಯಿತು. ಕೊನೆಗೆ ಮಲಗಿದರೆ ಉಸಿರು ಕಟ್ಟುತ್ತೆ ಅಂತ ಹುಡುಗ ಕೂತುಕೊಂಡೇ ನಿದ್ದೆ ಮಾಡೋಕೆ ಶುರು ಮಾಡಿದ. ಆಗ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಒಂದು ಗಂಟನ್ನು ಪೂರ್ತಿ ತೆಗೆದು ಪರೀಕ್ಷೆಗೆ ಕಳಿಸಿದರು. ಹಾಡ್ಜ್‌ಕಿನ್ ಲಿಂಫೋಮಾ. ಬಿಳಿ ರಕ್ತಕಣಗಳ ಕ್ಯಾನ್ಸರ್. ಎದೆಯೊಳಗೂ ಗಂಟುಗಳಿದ್ದವು.

ಟಿಬಿ ಅಂತ ಅನುಮಾನ ಪಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ನಮ್ಮ ದೇಶದಲ್ಲಿ ಕತ್ತಿನ ಗಂಟು ಅಂದರೆ ಟಿಬಿ ಇರುವ ಸಾಧ್ಯತೆ ಜಾಸ್ತಿಯೇ. ಜ್ವರ, ಬೆವರು, ತೂಕ ಇಳಿಯುವುದು ಎರಡು ಕಾಯಿಲೆಗಳಲ್ಲೂ ಒಂದೇ ಥರ ಇರುತ್ತೆ, ಬರೀ ಕೈಯಲ್ಲಿ ಮುಟ್ಟಿ ಯಾರೂ ಬೇರೆ ಮಾಡಿ ಹೇಳೋಕೆ ಆಗಲ್ಲ. ಅದಕ್ಕೇ ಅಲ್ವಾ ಪರೀಕ್ಷೆ ಅಂತ ಇರುವುದು? ಅನುಮಾನವನ್ನೇ ತೀರ್ಮಾನ ಮಾಡಿಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ್ದಕ್ಕೆ ನನ್ನ ತಕರಾರು. ಸ್ಟೀರಾಯ್ಡ್ ವಿಷಯ ಇನ್ನೂ ಗಂಭೀರ. ಲಿಂಫೋಮಾ ಕಣಗಳು ಸ್ಟೀರಾಯ್ಡ್‌ಗೆ ಸಾಯುತ್ತವೆ, ಆದರೆ ಪೂರ್ತಿ ಅಲ್ಲ. ಗಂಟು ಸ್ವಲ್ಪ ದಿನ ಇಳಿಯುತ್ತೆ, ಆ ಹೊತ್ತಿಗೆ ತುಂಡು ತೆಗೆದರೂ ಕಾಯಿಲೆ ಸರಿಯಾಗಿ ಕಾಣದೇ ಹೋಗಬಹುದು. ನಮಗೆ ಸಿಕ್ಕ ಆ ಸಮಾಧಾನ ಆ ಹುಡುಗನಿಗೆ ತುಂಬಾ ದುಬಾರಿ ಆಯಿತು.

ಇದು ಒಂದು ದೂರು. ಎರಡನೆಯದು ಶಾಲೆಯದ್ದು, ಅದು ನಮ್ಮ ಅಕ್ಕನನ್ನು ಇನ್ನೂ ಜಾಸ್ತಿ ಅಳಿಸಿತು.

ಗಂಟು ತೆಗೆದು ಮಾಡಿದ ಪರೀಕ್ಷೆಯ (ಬಯಾಪ್ಸಿ) ರಿಪೋರ್ಟ್‌ನಲ್ಲಿ "ಇಬಿವಿ ಪಾಸಿಟಿವ್" ಅಂತ ಒಂದು ಸಾಲು ಇತ್ತು, ಇಬಿವಿ ಒಂದು ವೈರಸ್. ರಜೆ ಕೇಳೋಕೆ ಅಂತ ಅಕ್ಕ ಆ ರಿಪೋರ್ಟಿನ ಝೆರಾಕ್ಸ್ ಶಾಲೆಗೆ ಕೊಟ್ಟಿದ್ದಳು. ವಾರದೊಳಗೆ ಊರೆಲ್ಲಾ ಸುದ್ದಿ: ಆ ಹುಡುಗನಿಗೆ ವೈರಸ್ಸಂತೆ, ಅದರಿಂದ ಕ್ಯಾನ್ಸರ್ ಬಂದಿದೆಯಂತೆ, ಪಕ್ಕ ಕೂತರೆ ಅಂಟುತ್ತಂತೆ. 2020ರ ಕೊರೊನಾ ಭಯ ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ, ಅದು ನನಗೂ ಅರ್ಥ ಆಗುತ್ತೆ. ಆದರೆ ಕೀಮೋ ಮಧ್ಯೆ ಸ್ವಲ್ಪ ಚೇತರಿಸಿಕೊಂಡು ಹುಡುಗ ಆಸೆಯಿಂದ ಶಾಲೆಗೆ ಹೋದರೆ ಬಿಸಿಯೂಟಕ್ಕೆ ಬೇರೆ ತಟ್ಟೆ, ಕೂರೋಕೆ ಬಾಗಿಲ ಹತ್ತಿರ ಬೇರೆ ಜಾಗ. ಎರಡು ದಿನ ಬಿಟ್ಟು "ಪೋಷಕರು ಗಲಾಟೆ ಮಾಡ್ತಿದ್ದಾರೆ, ಪೂರ್ತಿ ವಾಸಿಯಾದ್ಮೇಲೆ ಕಳ್ಸಿಮ್ಮ" ಅಂತ ಮನೆಗೆ ಕಳಿಸಿದರು. ಮೂರನೇ ಕ್ಲಾಸಿನಲ್ಲಿರುವ ಅವನ ತಂಗಿಯನ್ನೂ ದೂರ ಕೂರಿಸಿದರು, ಆ ಮಗು ಏನು ಮಾಡಿತ್ತು? ಇನ್ನು ಕೆಲವರು ಎಚ್‌ಐವಿ ಅಂತಲೂ ಪಿಸುಗುಟ್ಟಿದರು.

ಆದ್ದರಿಂದ ಈ ವೈರಸ್ ಏನು, ಅದು ಏನು ಮಾಡುತ್ತೆ ಅಂತ ನಾನು ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತೇನೆ. ಬೆಂಗಳೂರಿನ ಡಾಕ್ಟರ್ ತಾಳ್ಮೆಯಿಂದ ಹೇಳಿದರು, ಉಳಿದದ್ದನ್ನು ನಾನೇ ಹುಡುಕಿ ಓದಿದೆ. ದಯವಿಟ್ಟು ಶಿಕ್ಷಕರೂ ಓದಲಿ.

ಇಬಿವಿ ಅಂದರೆ ಎಪ್‌ಸ್ಟೀನ್-ಬಾರ್ ವೈರಸ್. ಪ್ರಪಂಚದ ದೊಡ್ಡವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಇದು ಇದೆ. ಎಂಜಲಿನ ಮೂಲಕ ಬರುತ್ತೆ. ನಮ್ಮ ಕಡೆ ಹೆಚ್ಚಿನ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ, ಅಜ್ಜಿ ತುತ್ತು ಅಗಿದು ಕೊಡುವಾಗಲೋ, ಒಂದೇ ಲೋಟದಲ್ಲಿ ನೀರು ಕುಡಿಯುವಾಗಲೋ ಬಂದು ಸೇರಿಕೊಂಡಿರುತ್ತೆ. ಒಂದು ಸಣ್ಣ ಜ್ವರ, ಎಷ್ಟೋ ಸಲ ಅದೂ ಇಲ್ಲ. ಒಮ್ಮೆ ಬಂದರೆ ಸಾಯುವವರೆಗೆ ಮೈಯಲ್ಲೇ ಸುಮ್ನೆ ಇರುತ್ತೆ. ಅಂದರೆ ಹುಡುಗನನ್ನು ಬಾಗಿಲ ಹತ್ತಿರ ಕೂರಿಸಿದ ಮೇಷ್ಟ್ರ ಮೈಯಲ್ಲೂ, ಗಲಾಟೆ ಮಾಡಿದ ಪೋಷಕರಲ್ಲೂ, ಅವರ ಮಕ್ಕಳಲ್ಲೂ ಇದು ಬಹುಮಟ್ಟಿಗೆ ಇದ್ದೇ ಇದೆ. ಅವನನ್ನು ದೂರ ಇಟ್ಟು ಯಾರನ್ನು ಯಾವುದರಿಂದ ಕಾಪಾಡಿದ ಹಾಗಾಯಿತು?

ಇದನ್ನು ಕಂಡುಹಿಡಿದ ಕಥೆ ನಿಮಗೂ ಬೇಕಾದದ್ದು, ಯಾಕೆ ಅಂತ ಮುಂದೆ ಹೇಳುತ್ತೇನೆ. ಡೆನಿಸ್ ಬರ್ಕಿಟ್ ಅನ್ನುವ ಸರ್ಜನ್ ಉಗಾಂಡದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಮಕ್ಕಳ ದವಡೆಯಲ್ಲಿ ಬಹಳ ವೇಗವಾಗಿ ಬೆಳೆಯುವ ಗೆಡ್ಡೆಗಳನ್ನು ನೋಡಿ 1958ರಲ್ಲಿ ಅದರ ಬಗ್ಗೆ ಬರೆದರು. 1961ರಲ್ಲಿ ಲಂಡನ್‌ನಲ್ಲಿ ಅವರ ಭಾಷಣ ಕೇಳಿದ ಆಂಥನಿ ಎಪ್‌ಸ್ಟೀನ್ ಅನ್ನುವ ವಿಜ್ಞಾನಿಗೆ ಇದರ ಹಿಂದೆ ವೈರಸ್ ಇರಬಹುದು ಅನ್ನಿಸಿತು. ಉಗಾಂಡದ ಕಂಪಾಲಾದಿಂದ ಗೆಡ್ಡೆಯ ತುಂಡುಗಳು ವಿಮಾನದಲ್ಲಿ ಲಂಡನ್‌ಗೆ ಬರತೊಡಗಿದವು. ಒಂದು ಸಲ ಮಂಜಿನಿಂದ ವಿಮಾನ ಬೇರೆ ಊರಿಗೆ ಹೋಗಿ ತಡವಾಯಿತು, ಆದರೂ ಅದೇ ತುಂಡಿನಿಂದ ಕಣಗಳು ಬದುಕಿ ಬೆಳೆದವು. ಎಪ್‌ಸ್ಟೀನ್, ಯಿವೊನ್ ಬಾರ್ ಮತ್ತು ಬರ್ಟ್ ಅಚೊಂಗ್ ಸೇರಿ 1964ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಆ ಕಣಗಳೊಳಗೆ ಈ ವೈರಸ್ಸನ್ನು ಕಂಡರು. ಮನುಷ್ಯರ ಕ್ಯಾನ್ಸರ್‌ಗೆ ಸಂಬಂಧಪಟ್ಟಂತೆ ಸಿಕ್ಕ ಮೊದಲ ವೈರಸ್ ಇದು.

ಇನ್ನು ಅದು ಕ್ಯಾನ್ಸರ್ ಮಾಡುವುದು ಹೇಗೆ? ನಮ್ಮ ರಕ್ತದಲ್ಲಿ ಬಿ ಕಣ ಅಂತ ಒಂದು ಬಗೆಯ ಬಿಳಿ ರಕ್ತಕಣ ಇದೆ. ರೋಗಾಣುಗಳ ವಿರುದ್ಧ ಪ್ರತಿಕಾಯ ತಯಾರಿಸುವುದು ಇದರ ಕೆಲಸ. ಬಿ ಕಣ ತನಗೆ ಇಷ್ಟ ಬಂದ ಹಾಗೆ ಸಂಖ್ಯೆ ಹೆಚ್ಚಿಸಿಕೊಳ್ಳುವ ಹಾಗಿಲ್ಲ. ಅದರ ಮೈಮೇಲಿನ ಕೊಕ್ಕೆಗೆ ರೋಗಾಣು ಸಿಕ್ಕಬೇಕು, ಟಿ ಕಣ ಅನ್ನುವ ಇನ್ನೊಂದು ರಕ್ಷಣಾ ಕಣ ಬಂದು ಒಪ್ಪಿಗೆ ಕೊಡಬೇಕು. ಆಗ ಮಾತ್ರ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತೆ. ಕೆಲಸ ಮುಗಿದ ಮೇಲೆ ಹೆಚ್ಚಿನವು ತಾವಾಗಿ ಸಾಯುತ್ತವೆ. ಇಬಿವಿ ನೇರವಾಗಿ ಈ ಬಿ ಕಣದೊಳಗೇ ಹೋಗಿ ಕೂರುತ್ತೆ. ಅಲ್ಲಿ ಎರಡು ಪ್ರೋಟೀನ್ ತಯಾರಿಸುತ್ತೆ. ಎಲ್‌ಎಂಪಿ-1 ಅನ್ನುವುದು ಟಿ ಕಣದ ಒಪ್ಪಿಗೆಯ ನಕಲು, ಎಲ್‌ಎಂಪಿ-2ಎ ಅನ್ನುವುದು ರೋಗಾಣು ಸಿಕ್ಕಿದೆ ಅನ್ನುವ ಸುದ್ದಿಯ ನಕಲು. ನಮ್ಮ ಕಡೆ ಬೋರ್‌ವೆಲ್‌ಗೆ ಆಟೋ ಸ್ಟಾರ್ಟರ್ ಹಾಕಿರುತ್ತೇವಲ್ಲ, ಯಾರೂ ಗುಂಡಿ ಒತ್ತದೆ ಮೋಟಾರ್ ತಾನೇ ಓಡುತ್ತೆ, ಹಾಗೆ. ಹೊರಗೆ ರೋಗಾಣು ಇಲ್ಲ, ಒಪ್ಪಿಗೆ ಕೊಟ್ಟವರಿಲ್ಲ, ಕಣ ಮಾತ್ರ ಬೆಳೆಯುತ್ತಾ ಹೋಗುತ್ತೆ. ಇಬಿಎನ್‌ಎ-1 ಅನ್ನುವ ಇನ್ನೊಂದು ಪ್ರೋಟೀನ್ ಇದೆ. ಕಣ ಎರಡಾದಾಗ ವೈರಸ್ಸಿನ ಡಿಎನ್‌ಎ ಎರಡಕ್ಕೂ ಸಿಗುವಂತೆ ಅದು ನೋಡಿಕೊಳ್ಳುತ್ತೆ.

ಹಾಗಾದರೆ ನಮಗೆಲ್ಲ ಯಾಕೆ ಕ್ಯಾನ್ಸರ್ ಬಂದಿಲ್ಲ? ಹೀಗೆ ಹದ್ದು ಮೀರಿದ ಕಣಗಳನ್ನು ನಮ್ಮದೇ ಟಿ ಕಣಗಳು ಗುರುತು ಹಿಡಿದು ಕೊಲ್ಲುತ್ತಲೇ ಇರುತ್ತವೆ. ವೈರಸ್ ಕೂಡ ಬದುಕಿನ ಹೆಚ್ಚಿನ ಭಾಗ ಬಾಯಿ ಮುಚ್ಚಿಕೊಂಡು ಅಡಗಿರುತ್ತೆ. ಕ್ಯಾನ್ಸರ್ ಆಗಬೇಕಾದರೆ ಇದರ ಜೊತೆಗೆ ಇನ್ನೇನೋ ತಪ್ಪಬೇಕು. ಬಿ ಕಣ ಒಳ್ಳೆಯ ಪ್ರತಿಕಾಯ ಮಾಡೋಕೆ ತನ್ನದೇ ಡಿಎನ್‌ಎಯನ್ನು ಕತ್ತರಿಸಿ ಬದಲಾಯಿಸಿಕೊಳ್ಳುತ್ತೆ, ಅಪಾಯದ ಕೆಲಸ ಅದು. ಬರ್ಕಿಟ್ ನೋಡಿದ ಗೆಡ್ಡೆಗಳಲ್ಲಿ 8ನೇ ಕ್ರೋಮೋಸೋಮಿನ ಬೆಳವಣಿಗೆಯ ಜೀನ್ ಒಂದು ಕಿತ್ತುಕೊಂಡು, ಸಾಮಾನ್ಯವಾಗಿ 14ನೆಯದಕ್ಕೆ ಹೋಗಿ ಅಂಟಿಕೊಂಡಿರುತ್ತೆ. ಅಲ್ಲಿನ ಮಕ್ಕಳಿಗೆ ಮತ್ತೆ ಮತ್ತೆ ಬರುವ ಮಲೇರಿಯಾ ಕೂಡ ಅದಕ್ಕೆ ದಾರಿ ಮಾಡುತ್ತೆ. ಹಾಡ್ಜ್‌ಕಿನ್‌ನಲ್ಲಿ ಬೇರೆ ಥರ. ಕತ್ತರಿಸಿ ಜೋಡಿಸುವಾಗ ಕೆಟ್ಟುಹೋಗಿ, ಪ್ರತಿಕಾಯ ಮಾಡಲಾಗದ ಬಿ ಕಣ ಸಾಯಬೇಕು, ಅದು ನಿಯಮ. ವೈರಸ್ಸಿನ ನಕಲಿ ಸುದ್ದಿ ಅದನ್ನು ಸಾಯಲು ಬಿಡುವುದಿಲ್ಲ. ಎಚ್‌ಐವಿ ಇರುವವರಲ್ಲಿ ಇಂಥ ಕ್ಯಾನ್ಸರ್ ಜಾಸ್ತಿ ಯಾಕೆ ಅಂದರೆ ಕಾವಲಿನ ಟಿ ಕಣಗಳು ಕಡಿಮೆಯಾಗಿರುತ್ತವೆ. ಹಾಗಂತ ಲಿಂಫೋಮಾ ಬಂದವರಿಗೆಲ್ಲ ಎಚ್‌ಐವಿ ಅಲ್ಲ. ನಮ್ಮ ಹುಡುಗನಿಗೆ ಇಲ್ಲ.

ಶಾಲೆಯವರು ತಿಳಿಯಬೇಕಾದದ್ದು ಇಲ್ಲಿದೆ. ಕೆಟ್ಟಿರುವುದು ಆ ಹುಡುಗನ ಸ್ವಂತ ಕಣ. ಅದು ಇನ್ನೊಂದು ಮಗುವಿನ ಮೈಗೆ ಹಾರಿ ಬೆಳೆಯುವುದಿಲ್ಲ, ತಟ್ಟೆಯಿಂದಲೂ ಇಲ್ಲ, ಕೆಮ್ಮಿನಿಂದಲೂ ಇಲ್ಲ.

ಆಸ್ಪತ್ರೆಯವರಿಗೂ ಒಂದು ಮಾತು. ಹಾಡ್ಜ್‌ಕಿನ್ ಗಂಟಿನೊಳಗೆ ನಿಜವಾದ ಕ್ಯಾನ್ಸರ್ ಕಣಗಳು ನೂರಕ್ಕೆ ಒಂದರಷ್ಟೇ ಇರಬಹುದು. ಉಳಿದದ್ದೆಲ್ಲ ಅದರ ಸುತ್ತ ಮುತ್ತಿಕೊಂಡ ಸಾಮಾನ್ಯ ರಕ್ಷಣಾ ಕಣಗಳು. ಅದಕ್ಕೇ ಸೂಜಿಯಲ್ಲಿ ತೆಗೆದ ನಾಲ್ಕು ಹನಿಯಲ್ಲಿ ಅದು ಸಿಗದೇ ಹೋಗಬಹುದು, ಕೆಲವು ಸಲ ಟಿಬಿಯ ಹಾಗೇ ಕಾಣುವ ಗುರುತುಗಳೂ ಅದೇ ಗಂಟಿನಲ್ಲಿ ಇರುತ್ತವೆ. ಸೂಜಿ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೂ ಗಂಟು ಇಳಿಯದಿದ್ದರೆ ಗಂಟನ್ನೇ ತೆಗೆದು ನೋಡಬೇಕು ಅನ್ನುವುದು ಈ ಕಾರಣಕ್ಕೆ.

ನನಗೆ ಆಶ್ಚರ್ಯ ಮತ್ತು ಬೇಜಾರು ಎರಡೂ ಆಗುವ ಒಂದು ಸಂಗತಿ ಇದೆ. ನಮ್ಮ ಜಿಲ್ಲೆಯ ಕೋಳಿ ಸಾಕುವವರಿಗೆ ಇದು ಹೊಸದೇ ಅಲ್ಲ. ಮಾರೆಕ್ಸ್ ಕಾಯಿಲೆ ಎಲ್ಲರಿಗೂ ಗೊತ್ತು. ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬೀಳುತ್ತೆ, ಕುಯ್ದು ನೋಡಿದರೆ ಲಿವರ್ ತುಂಬಾ ಗೆಡ್ಡೆ. 1907ರಲ್ಲಿ ಹಂಗೇರಿಯ ಜೋಸೆಫ್ ಮಾರೆಕ್ ಈ ಕಾಯಿಲೆಯ ಬಗ್ಗೆ ಮೊದಲು ಬರೆದರು. ಅದರ ವೈರಸ್ ಇಬಿವಿಯ ದೂರದ ನೆಂಟ, ಹರ್ಪಿಸ್ ಕುಟುಂಬದ್ದೇ. ಅದು ಕೋಳಿಯ ಟಿ ಕಣಗಳನ್ನು ಕ್ಯಾನ್ಸರ್ ಮಾಡುತ್ತೆ. ಮನುಷ್ಯರಿಗೆ ಬರುವುದಿಲ್ಲ. 1970ರ ಹೊತ್ತಿಗೇ ಅದಕ್ಕೆ ಲಸಿಕೆ ಬಂತು, ಕ್ಯಾನ್ಸರ್ ತಡೆಯುವ ಲಸಿಕೆಗಳಲ್ಲಿ ಅದೇ ಮೊದಲಿನದು. ಹ್ಯಾಚರಿಯಲ್ಲಿ ಒಂದು ದಿನದ ಮರಿಗೇ ಕತ್ತಿನ ಚರ್ಮದಡಿ ಚುಚ್ಚಿ ಕಳಿಸುತ್ತಾರೆ. ಮಾರೆಕ್ಸ್ ಲಸಿಕೆ ಆಗಿದೆಯಾ ಅಂತ ಲೆಕ್ಕ ಕೇಳಿಯೇ ಮರಿ ಇಳಿಸಿಕೊಳ್ಳುತ್ತೇವೆ. ಇಷ್ಟು ಗೊತ್ತಿರುವ ಊರಿನಲ್ಲೇ, ಮನುಷ್ಯರ ಮಗುವಿಗೆ ಅದೇ ಜಾತಿಯ ಕಷ್ಟ ಬಂದಾಗ ಬೇರೆ ತಟ್ಟೆ ಹುಡುಕಿದರು. ಇಬಿವಿಗೆ ಜನರಿಗೆ ಕೊಡುವ ಲಸಿಕೆ ಇನ್ನೂ ಬಂದಿಲ್ಲ. ಹಾಗಾಗಿ ಬೇಗ ಪತ್ತೆ ಮಾಡುವುದೊಂದೇ ನಮ್ಮ ಕೈಯಲ್ಲಿರುವುದು.

ಸರ್ಕಾರ ಬಿಡಿಸಿ ಹೇಳಿದರೆ ಜನ ಕೇಳುತ್ತಾರೆ ಅನ್ನೋಕೆ ಜಪಾನ್ ನೋಡಿ. ಅಲ್ಲಿನ ನೈಋತ್ಯ ಭಾಗದಲ್ಲಿ ಎಚ್‌ಟಿಎಲ್‌ವಿ-1 ಅಂತ ಇನ್ನೊಂದು ವೈರಸ್ ಜಾಸ್ತಿ. ಅದು ಟಿ ಕಣಗಳನ್ನು ಕ್ಯಾನ್ಸರ್ ಮಾಡುತ್ತೆ, ಎದೆಹಾಲಿನ ಮೂಲಕ ಮಗುವಿಗೆ ಬರುತ್ತೆ. ವೈರಸ್ ಇರುವ ನೂರು ಜನರಲ್ಲಿ ಐದರಷ್ಟು ಜನಕ್ಕೆ ಮಾತ್ರ, ಅದೂ ದಶಕಗಳ ನಂತರ ಕ್ಯಾನ್ಸರ್ ಆಗುತ್ತೆ. 1987ರಿಂದ ನಾಗಸಾಕಿಯಲ್ಲಿ ಬಸುರಿಯರಿಗೆ ಪರೀಕ್ಷೆ ಮಾಡಿ, ವೈರಸ್ ಇದ್ದವರಿಗೆ ಬೇರೆ ಹಾಲು ಕೊಡಿ ಅಂತ ತಿಳಿಹೇಳತೊಡಗಿದರು, ಮಕ್ಕಳಿಗೆ ದಾಟುವುದು ತುಂಬಾ ಕಡಿಮೆಯಾಯಿತು.

ಈಗ ನಮ್ಮ ಬೇಡಿಕೆಗಳು. ಡಿಎಚ್‌ಒ ಅವರೇ, ಜಿಲ್ಲೆಯ ಎಲ್ಲ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಿಗೆ ಒಂದು ಸೂಚನೆ ಕಳಿಸಿ: ಎರಡು ಮೂರು ವಾರ ಕಳೆದರೂ ಇಳಿಯದ ಗಂಟಿಗೆ ಮಾದರಿ ತೆಗೆಯದೆ ಟಿಬಿ ಮಾತ್ರೆ ಶುರು ಮಾಡಬಾರದು, ಅಷ್ಟರವರೆಗೆ ಸ್ಟೀರಾಯ್ಡ್ ಕೊಡಲೇಬಾರದು. ಶುರು ಮಾಡಿದ ಮೇಲೂ ಗಂಟು ಬೆಳೆಯುತ್ತಿದ್ದರೆ "ಕೋರ್ಸ್ ಮುಗಿಸಿ" ಅಂತ ವಾಪಸ್ ಕಳಿಸದೆ ಮತ್ತೆ ಪರೀಕ್ಷೆ ಮಾಡಬೇಕು. ತೆಗೆದ ತುಂಡನ್ನು ಎರಡು ಬಾಟಲಿಗೆ ಹಾಕುವುದನ್ನು ಕಡ್ಡಾಯ ಮಾಡಿ. ಕ್ಯಾನ್ಸರ್ ನೋಡೋಕೆ ಒಂದು ತುಂಡು ಫಾರ್ಮಾಲಿನ್‌ನಲ್ಲಿ, ಟಿಬಿ ನೋಡೋಕೆ ಇನ್ನೊಂದು ಸಲೈನ್‌ನಲ್ಲಿ. ಎಲ್ಲವನ್ನೂ ಫಾರ್ಮಾಲಿನ್‌ಗೆ ಹಾಕಿಬಿಟ್ಟರೆ ಟಿಬಿ ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡೋಕೆ ಆಗುವುದಿಲ್ಲ, ಬಡವರು ಮತ್ತೆ ಕುಯ್ಸಿಕೊಳ್ಳಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ತುಂಡು ಪರೀಕ್ಷಿಸುವ ಡಾಕ್ಟರ್ (ಪೆಥಾಲಜಿಸ್ಟ್) ಇಲ್ಲದಿದ್ದರೆ ರೋಗಿಯನ್ನು ಅಲೆಸಬೇಡಿ, ಬಾಟಲಿಯನ್ನು ಕಳಿಸಿ. ಅರವತ್ತು ವರ್ಷದ ಹಿಂದೆ ಉಗಾಂಡದ ಮಗುವಿನ ಗೆಡ್ಡೆಯ ತುಂಡು ಲಂಡನ್‌ವರೆಗೆ ಹೋಗಿ ಮುಟ್ಟಿತು. ಮುಳಬಾಗಿಲಿನಿಂದ ಕೋಲಾರಕ್ಕೆ 30 ಕಿಲೋಮೀಟರ್. ವಾರಕ್ಕೆ ಎರಡು ಸಲ ಒಂದು ಗಾಡಿ ಹೋದರೆ ಸಾಕು.

ಆಶಾ ಕಾರ್ಯಕರ್ತೆಯರ ತಿಂಗಳ ಸಭೆಯಲ್ಲಿ ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ನಮ್ಮ ಹಳ್ಳಿಗಳಲ್ಲಿ "ಗಂಟಿಗೆ ಸೂಜಿ ಚುಚ್ಚಿದ್ರೆ, ಕತ್ತಿ ತಾಗಿದ್ರೆ ಮೈಯೆಲ್ಲಾ ಹರಡುತ್ತೆ" ಅನ್ನುವ ಮಾತು ಬಹಳ ಗಟ್ಟಿಯಾಗಿದೆ. ಅದಕ್ಕೆ ಹೆದರಿ ಬಯಾಪ್ಸಿ ಬೇಡ ಅನ್ನುವ ಮನೆಗಳಿವೆ. ಲಿಂಫೋಮಾದಲ್ಲಿ ಹಾಗಾಗುವುದಿಲ್ಲ, ತುಂಡು ತೆಗೆಯದೆ ಚಿಕಿತ್ಸೆಯೇ ಶುರುವಾಗುವುದಿಲ್ಲ ಅಂತ ಮನೆ ಬಾಗಿಲಲ್ಲಿ ನಿಂತು ಹೇಳುವವರು ಬೇಕು. ಮಕ್ಕಳ ಹಾಡ್ಜ್‌ಕಿನ್ ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 80ಕ್ಕಿಂತ ಜಾಸ್ತಿ ಮಕ್ಕಳಿಗೆ ವಾಸಿಯಾಗುವ ಕಾಯಿಲೆ, ಇದನ್ನೂ ಅವರೇ ಹೇಳಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ರೆಫರಲ್ ಪತ್ರಕ್ಕೆ ಕೀಮೋ ಮಧ್ಯದ ಮಗುವನ್ನು ಎತ್ತಿಕೊಂಡು ಕ್ಯೂ ನಿಲ್ಲುವ ಹಾಗೆ ಮಾಡಬೇಡಿ. ಮನೆಯ ಯಾರಾದರೂ ಬಂದರೆ ಕೊಡಿ.

ಡಿಡಿಪಿಐ ಅವರೇ, ನಿಮ್ಮ ಹತ್ತಿರ ಕೇಳುವುದು ಇನ್ನೂ ಸುಲಭದ್ದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವನ್ನು ಅಂಟುತ್ತೆ ಅನ್ನುವ ಕಾರಣಕ್ಕೆ ಮನೆಗೆ ಕಳಿಸುವಂತಿಲ್ಲ, ಬೇರೆ ಕೂರಿಸುವಂತಿಲ್ಲ, ಒಡಹುಟ್ಟಿದವರನ್ನಂತೂ ಮುಟ್ಟುವಂತಿಲ್ಲ ಅಂತ ಎಲ್ಲ ಬಿಇಒಗಳ ಮೂಲಕ ಸುತ್ತೋಲೆ ಹೋಗಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಅನ್ನುತ್ತೆ. "ಸ್ವಲ್ಪ ದಿನ ಬರಬೇಡ" ಅನ್ನುವುದೂ ಅದೇ ಕೆಲಸದ ಇನ್ನೊಂದು ಮುಖ. ಮಕ್ಕಳ ವೈದ್ಯಕೀಯ ರಿಪೋರ್ಟ್ ಮುಖ್ಯ ಶಿಕ್ಷಕರ ಕಪಾಟು ದಾಟಿ ಹೊರಗೆ ಹೋಗಬಾರದು. ಹಾಜರಾತಿ ಕಡಿಮೆ ಅಂತ ಪರೀಕ್ಷೆಗೆ ತೊಂದರೆ ಕೊಡಬಾರದು.

ಇನ್ನೊಂದು ವಿಷಯ ಶಿಕ್ಷಕರ ತಲೆಗೆ ಹೋಗಲೇಬೇಕು. ಇಲ್ಲಿ ಅಪಾಯ ಇರುವುದು ನಮ್ಮ ಹುಡುಗನಿಂದ ಬೇರೆಯವರಿಗಲ್ಲ, ಬೇರೆಯವರಿಂದ ನಮ್ಮ ಹುಡುಗನಿಗೆ. ಕೀಮೋದಿಂದ ಅವನ ರಕ್ಷಣಾ ಕಣಗಳು ಕಡಿಮೆಯಾಗಿರುತ್ತವೆ. ಕ್ಲಾಸಿನಲ್ಲಿ ಯಾರಿಗಾದರೂ ಅಮ್ಮ (ಚಿಕನ್‌ಪಾಕ್ಸ್) ಆಗಿದ್ದರೆ, ದಡಾರ ಬಂದಿದ್ದರೆ, ಅದು ಅವನಿಗೆ ಜೀವಕ್ಕೇ ತೊಂದರೆ ಮಾಡಬಹುದು. ಅಂಥ ಸುದ್ದಿ ತಿಳಿದ ದಿನವೇ ಅಕ್ಕನಿಗೆ ಒಂದು ಫೋನ್ ಮಾಡಿದರೆ ಸಾಕು. ನಿಜವಾದ ಎಚ್ಚರಿಕೆ ಅಂದರೆ ಇದು. ಅದನ್ನು ಯಾರೂ ಮಾಡಲಿಲ್ಲ.

ಹುಡುಗನ ಕೀಮೋ ಇನ್ನೂ ನಡೆಯುತ್ತಿದೆ. ಉಸಿರಾಟ ಸರಿಹೋಗಿದೆ, ಕತ್ತಿನ ಗಂಟು ಕೈಗೆ ಸಿಗುತ್ತಿಲ್ಲ. ಕೂದಲು ಹೋಗಿದೆ, ಅದಕ್ಕೆ ಅವನು ತಲೆ ಕೆಡಿಸಿಕೊಂಡಿಲ್ಲ. ಗಣಿತದ ಪಾಠ ಎಷ್ಟು ಹಿಂದೆ ಬಿದ್ದಿದೆ ಅಂತ ಮಾತ್ರ ದಿನಾ ಕೇಳುತ್ತಾನೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದರೊಳಗೆ ಡಾಕ್ಟರ್ ಅವನಿಗೆ ಕ್ಲಾಸಿಗೆ ಹೋಗಲು ಒಪ್ಪಿಗೆ ಕೊಡಬಹುದು ಅಂದಿದ್ದಾರೆ. ನಿಮ್ಮ ಸುತ್ತೋಲೆ ಅದಕ್ಕೂ ಮುಂಚೆ ಆ ಶಾಲೆ ತಲುಪಬೇಕು ಅಂತ ಕೈಮುಗಿದು ಕೇಳುತ್ತೇನೆ. ಎರಡೂ ಇಲಾಖೆಗಳಿಗೆ ಇದರ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ, ರಿಪೋರ್ಟುಗಳನ್ನು ನೋಡಬೇಕು ಅಂದರೆ ನಾನೇ ತೆಗೆದುಕೊಂಡು ಬರುತ್ತೇನೆ.

ಇಂತಿ,
ಹುಡುಗನ ಸೋದರಮಾವ
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ